ಗ್ಯಾರೇಜಿನ ಗೋಡೆಯ ಐದನೆಯ ಮೊಳೆ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮುಖ್ಯ ಅತಿಥಿಗಳು ಕಾರಿನಿಂದ ಇಳಿದರು. ಎಲ್ಲ ಕೆಡಲು ಶುರುವಾದದ್ದು ಆಗಲೇ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಸರಿಯಾಗಿ ಅದೇ ಹೊತ್ತಿಗೆ ವೈನಿ, ಅಂದರೆ ನನ್ನ ಅತ್ತಿಗೆ, ಫೋನ್ ಮಾಡಿ, “ನಿಮ್ಮಣ್ಣಗ ಬುತ್ತಿ ಮುಟ್ಟಿಸಿದಿಯೇನ?” ಎಂದು ಕೇಳಿದ್ದಳು. ಆ ಕರೆಯ ವೇಳೆ ಇವತ್ತಿಗೂ ನನ್ನ ಫೋನಿನಲ್ಲಿದೆ.

ಅತಿಥಿಗಳದು ಬಿಳಿ ಪ್ಯಾಂಟು, ಬಿಳಿ ಶರ್ಟು, ಕಾಲಲ್ಲಿ ಬಿಳಿ ಚಪ್ಪಲಿ. ಜಾಗ ಹಾವೇರಿಯ ಹೊರಗಿನ ಒಂದು ಹೊಲ. ಗೋವಿನಜೋಳ ಕಿತ್ತು ಖಾಲಿಯಾಗಿದ್ದ ಆ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿ ದುಂಡಗೆ ಹಾದಿ ಮಾಡಿದ್ದರು. ಮಣ್ಣಿನ ಮೇಲೆ ಹಳೆಯ ಕಾರುಗಳನ್ನು ಓಡಿಸುವ ರೇಸು. ಪೆಂಡಾಲ್ ಇತ್ತು, ಮೈಕಿತ್ತು, ಮಿರ್ಚಿ ಭಜಿಯ ಗಾಡಿಯಿತ್ತು. ಧೂಳು ಮಾತ್ರ ಬಹಳ ಇತ್ತು. ಅದಕ್ಕೆಂದು ಮುಂಜಾನೆಯೇ ಒಂದು ಟ್ಯಾಂಕರ್ ನೀರು ಹೊಡೆದು ಮುಗಿದಿತ್ತು.

ಸಂಘದ ಅಧ್ಯಕ್ಷರು ಅತಿಥಿಗಳ ಬಟ್ಟೆ ನೋಡಿದವರೇ ಮೈಕನ್ನು ಬಿಟ್ಟು ಟ್ಯಾಂಕರಿನ ಕಡೆ ಓಡಿದರು. “ಸಾಹೇಬ್ರ ಮ್ಯಾಲೆ ಧೂಳ ಬಿದ್ರ ನಮ್ಮ ಮರ್ಯಾದಿ ಎಲ್ಲಿ ಉಳೀತೈತಿ? ಇನ್ನೊಂದ ಟ್ಯಾಂಕರ್ ಹೊಡೀಪಾ, ಲಗೂ ಹೊಡಿ!”

ಹಾದಿಯ ಮುಕ್ಕಾಲು ಭಾಗ ಮಸಾರಿ, ಅಂದರೆ ಕೆಂಪು ಮಣ್ಣು. ಎಷ್ಟು ನೀರು ಹಾಕಿದರೂ ಕುಡಿದು ಸುಮ್ಮನಾಗುತ್ತದೆ. ಆದರೆ ಆಚೆಯ ತಿರುವು ಎರೆಮಣ್ಣಿನದು, ಕಪ್ಪು ಜಿಗುಟು ಮಣ್ಣು. ಎರೆ ಹಸಿಯಾದರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮುಂದೆ ಹೋಗುತ್ತದೆ ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನಾನಂತೂ ಕೃಷಿ ಓದಿದವಳು, ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಆದರೂ ಯಾರೂ ಬಾಯಿ ಬಿಡಲಿಲ್ಲ. ಬಂದ ಅತಿಥಿಗೆ ಮಾಡುವ ಉಪಚಾರಕ್ಕೆ ನಮ್ಮ ಕಡೆ ಅಡ್ಡ ಮಾತಾಡುವ ರೂಢಿ ಇಲ್ಲ.

ನಾನು ಆ ತಿರುವಿನ ಹಗ್ಗದ ಆಚೆ ನಿಂತಿದ್ದೆ, ಕೈಯಲ್ಲಿ ಬುತ್ತಿಯ ಡಬ್ಬಿ. ರೇಸಿಗೆ ಇಳಿದಿದ್ದ ಅಣ್ಣನ ಕಾರು ನೀಲಿ ಬಣ್ಣದ್ದು. ಅವನೇ ಬ್ಯಾಡಗಿಯ ತನ್ನ ಗ್ಯಾರೇಜಿನಲ್ಲಿ ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಕೂಡಿಸಿ ಸಿದ್ಧ ಮಾಡಿದ್ದ. ಅದು ಮಸಾರಿ ದಾಟಿ ಎರೆಗೆ ಬಂತು. ಹಿಂದಿನ ಗಾಲಿಗಳು ಮೆಲ್ಲಗೆ ಪಕ್ಕಕ್ಕೆ ಸರಿದವು, ಬೆಣ್ಣೆಯ ಮೇಲೆ ಇಟ್ಟ ಚಮಚದ ಹಾಗೆ. ಆಮೇಲೆ ಕಾರು ಅಡ್ಡವಾಯಿತು. ಬದುವಿಗೆ ಬಡಿಯಿತು. ಎದ್ದಿತು. ಒಮ್ಮೆ ಉರುಳಿ ಹಗ್ಗ ಹರಿದುಕೊಂಡು, ನಾನು ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ ಅಂಗಾತ ಬಿತ್ತು. ನಾಲ್ಕೂ ಗಾಲಿಗಳು ಮೇಲೆ ತಿರುಗುತ್ತಲೇ ಇದ್ದವು.

ನನ್ನ ತಲೆಯೊಳಗಿನ ಚಿತ್ರ ಅಲ್ಲಿಗೇ ನಿಲ್ಲುತ್ತಿತ್ತು. ಗಾಲಿ ತಿರುಗುತ್ತಿವೆ, ಮುಂದೇನೂ ಇಲ್ಲ.

ನಿಜವಾಗಿ ಆದದ್ದು ಇಷ್ಟೆ: ಅಣ್ಣನಿಗೆ ಭುಜದ ಎಲುಬು ಮುರಿದಿತ್ತು. ಪಂಜರ ಗಟ್ಟಿಯಿತ್ತು, ಬೆಲ್ಟು ಗಟ್ಟಿಯಿತ್ತು. ಆಸ್ಪತ್ರೆಯಲ್ಲಿ ಎಲುಬು ಕೂಡಿಸಿ ಪಟ್ಟಿ ಕಟ್ಟಿ ಕಳಿಸಿದರು. ವೈನಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ, ಅವನ ದನಿಯನ್ನೂ ಕೇಳಿಸಿದೆ. ಮಾಡದೇ ಉಳಿದದ್ದು ಒಂದೇ, ಗ್ಯಾರೇಜಿಗೆ ಫೋನ್ ಮಾಡುವುದು.

ಸಂಜೆ ಬ್ಯಾಡಗಿಗೆ ಬಂದಾಗ ಮೆಣಸಿನಕಾಯಿ ಮಾರುಕಟ್ಟೆಯ ಗೇಟಿನ ಮುಂದೆ ಒಂದು ಫ್ಲೆಕ್ಸ್ ಕಟ್ಟಿತ್ತು. ‘ಭಾವಪೂರ್ಣ ಶ್ರದ್ಧಾಂಜಲಿ. ಮತ್ತೆ ಹುಟ್ಟಿ ಬಾ.’ ನಡುವೆ ತಂಪು ಕನ್ನಡಕ ಹಾಕಿಕೊಂಡ ಅಣ್ಣ. ಕೆಳಗೆ ಸಾಲಾಗಿ ಅವನ ಗೆಳೆಯರ ಮುಖಗಳು, ಎಲ್ಲರೂ ನಗುತ್ತಿದ್ದರು. ಹೋದ ಹಬ್ಬದ ಶುಭಾಶಯದ ಫ್ಲೆಕ್ಸಿನಿಂದ ಎತ್ತಿದ ಫೋಟೋಗಳು ಅವು. ಯಾರೋ ಹಾವೇರಿಯಿಂದ ಗ್ಯಾರೇಜಿಗೆ ಫೋನ್ ಮಾಡಿ “ಗಾಡಿ ಪಲ್ಟಿ ಆತು, ನಿಮ್ಮ ಮಾಲಕರು ಹೋದರು” ಅಂದಿದ್ದಾರೆ. ಆಸ್ಪತ್ರೆಗೆ ಹೋದರು ಎಂದು ಅವರು ಹೇಳುವಷ್ಟರಲ್ಲಿ ಫೋನಿನ ಚಾರ್ಜು ಮುಗಿದಿದೆ. ನಮ್ಮಲ್ಲಿ ಮದುವೆಯ ಕಾರ್ಡು ಮುದ್ರಣವಾಗಲು ಎರಡು ವಾರ ಬೇಕು, ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಎರಡು ತಾಸು ಸಾಕು.

ಅಣ್ಣ ಆಟೋದಿಂದ ಇಳಿದು ಅದರ ಮುಂದೆ ನಿಂತ. ಚೀಲ ಹೊರುತ್ತಿದ್ದ ಹಮಾಲನೊಬ್ಬ ಹತ್ತಿರ ಬಂದು ಅವನ ಒಳ್ಳೆಯ ಕೈಯನ್ನು ಒತ್ತಿ ನೋಡಿದ.

“ಖರೇನ ಅದೀರೇನ್ರಿ?”

“ಇನ್ನೂ ಅದೇನಿ. ಅಲ್ಲೋ, ಹೆಲ್ಮೆಟ್ ಹಾಕ್ಕೊಂಡಿದ್ದ ಫೋಟೋ ಸಿಗಲಿಲ್ಲೇನ ನಿಮಗ? ಇದು ನನ್ನ ಮದುವಿಗಿಂತ ಮೊದಲಿಂದು!”

“ಗಡಿಬಿಡ್ಯಾಗ ಆಗೈತ್ರಿ. ಮುಂದಿನ ಸಲ ಛಲೋದು ಹಾಕ್ತೀವಿ ಬಿಡ್ರಿ.”

ಸತ್ತ ಸುದ್ದಿ ಸುಳ್ಳಾದರೆ ಆಯುಷ್ಯ ಹೆಚ್ಚುತ್ತದೆಂದು ಎಲ್ಲರೂ ಅವನ ಬೆನ್ನು ತಟ್ಟಿದರು, ಅದೂ ಮುರಿದ ಕಡೆಯೇ. ವೈನಿ ಮಾತ್ರ ಅಲ್ಲಿಗೆ ಬಂದವಳೇ ಫ್ಲೆಕ್ಸನ್ನು ಬಿಚ್ಚಿ ಮನೆಗೆ ತಂದಳು. ತೊಳೆದು ಮಾಳಿಗೆಯ ಮೇಲೆ ಹಾಸಿದಳು. ಅಂದಿನಿಂದ ನಮ್ಮ ಮನೆಯ ಮೆಣಸಿನಕಾಯಿ ಒಣಗುವುದು ಅಣ್ಣನ ಮುಖದ ಮೇಲೆ.

ಇದೆಲ್ಲ ನಗುವ ವಿಷಯವೇ, ನಾನೂ ನಕ್ಕೆ. ನಗಲಾರದಂಥದ್ದು ಗ್ಯಾರೇಜಿನ ಗೋಡೆಯ ಮೇಲಿತ್ತು.

ಆ ಗೋಡೆಯಲ್ಲಿ ನಾಲ್ಕು ಫೋಟೋಗಳಿವೆ. ನಾಲ್ವರೂ ರೇಸಿನಲ್ಲಿ ತೀರಿಕೊಂಡವರು, ಒಂದಲ್ಲ ಒಂದು ಕಾಲಕ್ಕೆ ಅಣ್ಣನ ಗ್ಯಾರೇಜಿನಲ್ಲಿ ಚಹಾ ಕುಡಿದವರು. ಅವರ ಮನೆಗಳಲ್ಲಿ ಅವರ ಮದುವೆಯ ಫೋಟೋಗಳಿರುತ್ತವೆ, ಕೋಟು ಹಾಕಿಕೊಂಡದ್ದು, ಕೂಸನ್ನು ಎತ್ತಿಕೊಂಡದ್ದು. ರೇಸಿನ ಹೆಸರೆತ್ತಿದರೆ ಮನೆಯವರಿಗೆ ಸಿಟ್ಟು. ಆದ್ದರಿಂದ ಹೆಲ್ಮೆಟ್ ಹಿಡಿದುಕೊಂಡ ಫೋಟೋಗಳಿಗೆ ಜಾಗ ಇರುವುದು ಇಲ್ಲಿ ಮಾತ್ರ. ಮಹಾಲಯ ಅಮಾವಾಸ್ಯೆಯ ದಿನ ಮನೆಯಲ್ಲಿ ಹಿರಿಯರಿಗೆ ಎಡೆ ಹಿಡಿದ ಮೇಲೆ ಗ್ಯಾರೇಜಿಗೂ ನಾಲ್ಕು ಬಾಳೆಎಲೆ ಹೋಗುತ್ತವೆ. ಅವರವರಿಗೆ ಸೇರುತ್ತಿದ್ದ ತಿನಿಸನ್ನೇ ಬಡಿಸಬೇಕು. ಅದು ಅಣ್ಣ ಹಾಕಿದ ಪದ್ಧತಿ.

ಮೊದಲನೆಯವರು ಕರಾವಳಿಯವರು. ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಯೇ ಘಾಟು. ನಮಗೆ ಅದು ಗೊತ್ತಾಗುವುದೂ ಇಲ್ಲ, ಅವರು ಮಾತ್ರ ರೈಲಿನಿಂದ ಇಳಿದಾಗಿನಿಂದ ಹತ್ತುವ ತನಕ ಸೀನುತ್ತಿದ್ದರು. ಒಮ್ಮೆ ಹೆಲ್ಮೆಟ್ ಹಾಕಿಕೊಂಡು ಗಾಜು ಇಳಿಸಿ ಗ್ಯಾರೇಜಿನೊಳಗೆ ಕೂತರು. ವೈನಿ ಚಹಾ ತಂದಾಗ ಗಾಜು ಎತ್ತುವುದು ಮರೆತು ಕಪ್ಪನ್ನು ಅದಕ್ಕೇ ಬಡಿದುಕೊಂಡರು. ಘಟ್ಟದ ರ್ಯಾಲಿಯೊಂದರಲ್ಲಿ ಅವರ ಕಾರು ಕಣಿವೆಗೆ ಬಿತ್ತು. ಅವರ ಎಲೆಗೆ ಇವತ್ತಿಗೂ ಖಾರವಿಲ್ಲದ ಪಲ್ಯ.

ಎರಡನೆಯವರಿಗೆ ಕನ್ನಡ ಬರುತ್ತಿರಲಿಲ್ಲ. ಗಾಡಿ ಕೆಟ್ಟು ನಮ್ಮಲ್ಲಿ ಉಳಿದಿದ್ದಾಗ ‘ಸಾಕು’ ಎನ್ನುವ ಒಂದು ಶಬ್ದ ಕಲಿಸಿದೆವು. ಊಟಕ್ಕೆ ಕೂತಾಗ ಅದನ್ನು ಬಳಸಲೇ ಇಲ್ಲ. ಮುಂದೆ ಯಾವುದೋ ದೂರದ ಟ್ರ್ಯಾಕಿನಲ್ಲಿ ತೀರಿಕೊಂಡರೆಂದು ಯಾರೋ ಹೇಳಿದರು. ಅವರ ಬಗ್ಗೆ ನಮಗೆ ಗೊತ್ತಿರುವುದು ಇಷ್ಟೇ, ಮತ್ತು ಅವರು ಕೂತೆದ್ದ ಮೇಲೆ ಹೋಳಿಗೆ ಉಳಿಯುತ್ತಿರಲಿಲ್ಲ ಎನ್ನುವುದು.

ಮೂರನೆಯವನು ನಮ್ಮ ಹಾವೇರಿಯವನೇ. ರೇಸಿನ ಅಂಗಿಯನ್ನೂ ಇಸ್ತ್ರಿ ಮಾಡಿಕೊಂಡು ಬರುತ್ತಿದ್ದ. “ಒಳಗ ಯಾರ ನೋಡ್ತಾರೋ?” ಎಂದರೆ “ಗಾಡಿ ನೋಡ್ತೈತಿ” ಎನ್ನುತ್ತಿದ್ದ. ಅವನ ಅಸ್ಥಿ ಬಿಡಲು ಗಳಗನಾಥದ ಸಂಗಮಕ್ಕೆ ಹೋದಾಗ ಅಣ್ಣನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಅವನು ಇಸ್ತ್ರಿ ಅಂಗಿ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಾಲ್ಕನೆಯವನು ರಾಣೆಬೆನ್ನೂರಿನವನು; ಅವನ ತಾಯಿಯನ್ನು ನಾವೆಲ್ಲ ಚಾಚಿ ಎನ್ನುತ್ತೇವೆ. ಹೆಲ್ಮೆಟ್ ಹಾಕುವ ಮೊದಲು ತಲೆ ಬಾಚಿಕೊಳ್ಳುತ್ತಿದ್ದ, ತೆಗೆದ ಕೂಡಲೇ ಮತ್ತೆ ಬಾಚಿಕೊಳ್ಳುತ್ತಿದ್ದ. ಫೋಟೋದಲ್ಲಿಯೂ ಜೇಬಿನಿಂದ ಹಣಿಗೆ ಇಣುಕುತ್ತದೆ.

ಅಣ್ಣನ ಸುಳ್ಳು ಸುದ್ದಿ ಬಂದ ದಿನ ಗ್ಯಾರೇಜಿನ ಮಿಸ್ತ್ರಿ ಅತ್ತನಂತೆ. ಅತ್ತು, ಮೂಗು ಒರೆಸಿಕೊಂಡು, ನಾಲ್ಕು ಫೋಟೋಗಳ ಪಕ್ಕ ಅಳತೆ ಹಿಡಿದು ಐದನೆಯ ಮೊಳೆ ಹೊಡೆದಿದ್ದ. ಫೋಟೋ ಸಿಗಲಿಲ್ಲ, ಮೊಳೆ ಉಳಿಯಿತು. ಕಿತ್ತರೆ ಗಿಲಾವು ಉದುರುತ್ತದೆ ಎಂದು ಮಿಸ್ತ್ರಿ ಕೀಳಲೂ ಇಲ್ಲ.

ನಾನು ಗ್ಯಾರೇಜಿಗೆ ಹೋದಾಗಲೆಲ್ಲ ಆ ಮೊಳೆಯನ್ನೇ ನೋಡುತ್ತಿದ್ದೆ. ನಿದ್ದೆ ಮಾತ್ರ ನನ್ನದು ಹಾಳಾಯಿತು. ಕಣ್ಣು ಮುಚ್ಚಿದರೆ ಗಾಲಿ. ಎದ್ದು ಕೂರುವುದು, ನೀರು ಕುಡಿಯುವುದು, ಮತ್ತೆ ಗಾಲಿ. ಪ್ರಯೋಗಾಲಯದಲ್ಲಿ ಒದ್ದೆ ಕಾಗದದ ಮೇಲೆ ಮೊಳೆತ ಬೀಜ ಎಣಿಸುತ್ತ ಎಣಿಸುತ್ತ ತೂಕಡಿಸಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ರಾಣೆಬೆನ್ನೂರಿನ ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು ಪ್ರತಿ ತಿರುವಿನಲ್ಲಿಯೂ ನಾನೇ ಕಾಲಿನಿಂದ ಬ್ರೇಕು ತುಳಿಯುತ್ತಿದ್ದೆ. ಒಂದು ದಿನ ಡ್ರೈವರು ಕನ್ನಡಿಯಲ್ಲಿ ನೋಡಿ, “ಅಕ್ಕಾರ, ನೀವೂ ನಾನೂ ಕೂಡಿ ತುಳಿದ್ರ ಗಾಡಿ ಮುಂದ ಹೋಗೂದ ಹ್ಯಾಂಗ್ರಿ?” ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು.

ನನಗೆ ಬೇಕಾಗಿದ್ದದ್ದು ಅಣ್ಣನ ಒಂದು ಮಾತು: ಇನ್ನು ಓಡಿಸುವುದಿಲ್ಲ ಎನ್ನುವುದು. ಮುಂದಿನ ರೇಸು ಡಿಸೆಂಬರಿನಲ್ಲಿ, ಅದೇ ಹೊಲದಲ್ಲಿ. ಎಲುಬು ಕೂಡಿದ್ದೇ ತಡ, ನೀಲಿ ಕಾರಿನ ನೆಗ್ಗಿದ ತಗಡನ್ನು ಅಣ್ಣ ಬಡಿಯತೊಡಗಿದ್ದ.

“ಅಣ್ಣಾ, ಸಾಕ ಮಾಡು.”

“ಸಾಕ ಅನ್ನೂ ಶಬ್ದ ನಾವು ಒಬ್ಬಾವಗ ಕಲಿಸಿದ್ವಿ. ಅಂವ ಕೇಳಿದ್ನೇನ?”

“ಚ್ಯಾಷ್ಟಿ ಬ್ಯಾಡ. ನಾ ಮಕ್ಕೊಂಡ ಎಷ್ಟ ದಿನ ಆತು ಗೊತ್ತೈತೇನ?”

ಅವನು ಸುತ್ತಿಗೆ ಕೆಳಗಿಟ್ಟು ನನ್ನನ್ನು ನೋಡಿದ. ಆಮೇಲೆ ಮತ್ತೆ ಸುತ್ತಿಗೆ ಎತ್ತಿಕೊಂಡ.

ಮಹಾಲಯ ಅಮಾವಾಸ್ಯೆ ಬಂತು. ಎಂದಿನಂತೆ ಗ್ಯಾರೇಜು ತೊಳೆದು ನಾಲ್ಕು ಎಲೆ ಹಾಕಿದೆವು. ರಾಣೆಬೆನ್ನೂರಿನಿಂದ ಬಸ್ಸು ಹಿಡಿದು ಚಾಚಿ ಬಂದಳು. ಇದು ಅವರ ಪದ್ಧತಿಯಲ್ಲ, ಆದರೂ ಪ್ರತಿವರ್ಷ ಮಗನಿಗೆಂದು ರಂಜಾನಿನ ಶ್ಯಾವಿಗೆ ಪಾಯಸ, ಶೀರ್ ಖುರ್ಮಾ ತರುತ್ತಾಳೆ. ಮೊದಲನೆಯ ವರ್ಷ ಬಂದದ್ದು ಜಗಳ ತೆಗೆಯಲು, ಮಗನ ಫೋಟೋ ಇಳಿಸಿರಿ ಎನ್ನಲು. ಜೇಬಿನ ಹಣಿಗೆ ನೋಡಿದವಳು ಅಲ್ಲೇ ಟೈರಿನ ಮೇಲೆ ಕೂತುಬಿಟ್ಟಿದ್ದಳು.

ಈ ವರ್ಷ ಒಳಗೆ ಬಂದವಳೇ ಹೆಗಲ ಚೀಲ ತೆಗೆದು ಐದನೆಯ ಮೊಳೆಗೆ ನೇತು ಹಾಕಿದಳು.

“ಒಂದ ಛಲೋ ಕೆಲಸ ಮಾಡೀರಿ ನೋಡ್ರಿ. ಹೋದ ವರ್ಷ ಚೀಲ ಇಡಾಕ ಜಾಗಾನ ಇರಲಿಲ್ಲ, ಎಲ್ಲಾ ಕಡೆ ಎಣ್ಣಿ.”

ಮಿಸ್ತ್ರಿ ತನ್ನ ಕಾಲಿನ ಉಗುರು ನೋಡಿಕೊಂಡ. ವೈನಿ ಸೆರಗು ಬಾಯಿಗೆ ಹಿಡಿದಳು. ಮೊದಲು ನಕ್ಕವನು ಅಣ್ಣ; ನಕ್ಕು ನಕ್ಕು ಭುಜ ಹಿಡಿದುಕೊಂಡು “ಅಯ್ಯಯ್ಯೋ” ಎಂದ.

“ಯಾಕ ನಗಾಕತ್ತೀರಿ? ಏನ ಮಾಡಿದೆ ನಾನು?”

ಅಣ್ಣ ಹೇಳಿದ. ಚಾಚಿ ಮೊಳೆಯನ್ನು ನೋಡಿದಳು, ಮಿಸ್ತ್ರಿಯನ್ನು ನೋಡಿದಳು. “ಅಳತೀ ಹಿಡದ ಹೊಡದಾನ, ಮತ್ತ! ಇರಲಿ. ನನ್ನ ಚೀಲಕ್ಕ ಆತು. ಇನ್ನ ಮ್ಯಾಲೆ ಅದು ನಂದು, ಬ್ಯಾರೆ ಯಾರದೂ ಅಲ್ಲ.” ಆಮೇಲೆ ನನ್ನ ಪಕ್ಕ ಬಂದು ಕೂತಳು. “ಬೇಟಿ, ಮಾರಿ ಯಾಕ ಹಿಂಗಾಗೈತಿ? ನೀ ಅಲ್ಲೇ ಇದ್ದೆಲ್ಲ? ನಂಗ ಎಲ್ಲಾ ಹೇಳು.”

“ಬ್ಯಾಡ ಬಿಡು ಚಾಚಿ.”

“ನನ್ನ ಮಗ ಹ್ಯಾಂಗ ಬಿದ್ದ ಅಂತ ನಂಗ ಯಾರೂ ಹೇಳಿಲ್ಲ. ಎಲ್ಲಾರೂ ಬರ್ತಾರ, ‘ತ್ರಾಸ ಆಗಲಿಲ್ಲ ಚಾಚಿ’ ಅಂತಾರ, ಚಹಾ ಕುಡದ ಹೋಗ್ತಾರ. ನೀ ಅಂತೂ ನೋಡೀದಿ. ಒಬ್ಬರದರ ಕೇಳ್ತೀನಿ.”

ಹೇಳತೊಡಗಿದೆ. ಬಿಳಿ ಚಪ್ಪಲಿ, ಟ್ಯಾಂಕರು, ಎರೆಮಣ್ಣು. ಅಡ್ಡವಾದ ಕಾರು, ಬದು, ಹಗ್ಗ. ಗಾಲಿಗಳ ತನಕ ಬಂದು ನಿಂತೆ.

“ಆಮ್ಯಾಲೆ?” ಚಾಚಿ ಕೇಳಿದಳು.

“ಆಮ್ಯಾಲೆ ಗಾಲಿ ತಿರಗಾಕತ್ತಿದ್ದವು.”

“ಎಷ್ಟೊತ್ತಂತ ತಿರಗತಾವ? ನಿಂತಿರಬೇಕಲ್ಲ. ಆಮ್ಯಾಲೆ?”

ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಗಾಲಿಗಳು ನಿಧಾನವಾದವು, ಹೌದು. ಒಂದು ಗಾಲಿ ಕಿರ್ ಎನ್ನುತ್ತ ನಿಂತಿತು. ಕಾರಿನೊಳಗೆ ಬೆಲ್ಟಿಗೆ ತಲೆಕೆಳಗಾಗಿ ಜೋತುಬಿದ್ದಿದ್ದ ಅಣ್ಣನ ದನಿ ಬಂತು. ಆ ದನಿ ಈಗ ಒಮ್ಮೆಲೇ ನನ್ನ ಕಿವಿಗೆ ಬಿತ್ತು.

“ಅಂವ ಕೇಳಿದಾ, ‘ಏನವಾ, ಬುತ್ತಿ ಚೆಲ್ಲಿತೇನ?’ ಅಂತ.”

“ನೀ ಏನಂದಿ?”

“‘ಚಟ್ನಿ ಅಷ್ಟ ಚೆಲ್ಲೇತಿ’ ಅಂದೆ.”

ನಾನು ಉತ್ತರ ಕೊಟ್ಟಿದ್ದೆನೆಂಬುದೇ ಇಷ್ಟು ತಿಂಗಳು ನನಗೆ ಮರೆತುಹೋಗಿತ್ತು. ಚಾಚಿ ತೊಡೆ ತಟ್ಟಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಬಂದ ನೀರನ್ನು ಒರೆಸಿಕೊಳ್ಳಲಿಲ್ಲ. ಆಮೇಲೆ ಮಗನ ಫೋಟೋದ ಕಡೆ ತಿರುಗಿ, “ಕೇಳಿದೆಲ್ಲೋ? ಚಟ್ನಿ ಅಷ್ಟ ಚೆಲ್ಲೇತಿ ಅಂತ” ಎಂದಳು.

ಇದೇ ಸಮಯವೆಂದು ನಾನು ಹೇಳಿದೆ. “ಚಾಚಿ, ನೀನರ ಇವಂಗ ಹೇಳು. ಡಿಸೆಂಬರದಾಗ ಮತ್ತ ಹೊಂಟಾನ. ನಿನ್ನ ಮಾತ ತಗದ ಹಾಕೂದಿಲ್ಲ.”

ಅಣ್ಣ ತಲೆ ತಗ್ಗಿಸಿ ಕೂತ. ಚಾಚಿ ಶೀರ್ ಖುರ್ಮಾದ ಡಬ್ಬಿ ತೆರೆದು ನಾಲ್ಕನೆಯ ಎಲೆಗೆ ಬಡಿಸಿದಳು.

“ನಾ ನನ್ನ ಮಗಗ ಬ್ಯಾಡಂದಿದ್ದೆ. ಕೈ ಮ್ಯಾಲೆ ಆಣಿ ಹಾಕಿಸ್ಕೊಂಡಿದ್ದೆ. ಮದುವಿಗೆ ಹೋಗಿ ಬರ್ತೀನಿ ಅಮ್ಮಿ ಅಂತ ಸುಳ್ಳ ಹೇಳಿ ಹೋದ. ಮದುವಿ ಊಟ ಐತೆಲ್ಲ ಅಂತ ನಾ ಬುತ್ತಿ ಕಟ್ಟಲಿಲ್ಲ. ಉಪಾಸ ಹೋದ, ಬೇಟಿ.” ಡಬ್ಬಿಯ ಮುಚ್ಚಳ ಒತ್ತಿದಳು. “ಇಂವ ಹೇಳಿ ಹೋಗಲಿ. ಹೇಳಿ ಹೋದ್ರ ನೀ ಬುತ್ತಿ ಕಟ್ಟಿಕೊಂಡ ಹಿಂದ ಹೋಗಬಹುದು. ಏನರ ನೋಡ್ಕೋಬಹುದು.”

ಅಣ್ಣ ಆಗ ಬಾಯಿ ಬಿಟ್ಟ. “ಹೇಳೇ ಹೋಗ್ತೀನಿ ಚಾಚಿ. ಇಕಿ ಬರೂದಿಲ್ಲಂದ್ರ ಹೋಗೂದೂ ಇಲ್ಲ.”

ನನಗೆ ಬೇಕಾಗಿದ್ದ ಮಾತು ಅದಲ್ಲ. ಆದರೆ ಸಿಕ್ಕಿದ್ದು ಅದೇ. ಬರುವುದಿಲ್ಲ ಎಂದುಬಿಟ್ಟರೆ ಮುಗಿಯಿತು, ನಿದ್ದೆಯೂ ಬಂದೀತು. ಹಾಗೆನ್ನಲು ನಾಲಿಗೆಯ ತುದಿಯ ತನಕ ಬಂದಿತ್ತು. ಎಲೆಯ ಮೇಲಿನ ಶೀರ್ ಖುರ್ಮಾ ಕಂಡಿತು; ಬೇಡವೆಂದರೆ ಇವನೂ ಸುಳ್ಳು ಹೇಳಿ ಉಪವಾಸ ಹೋದಾನೆನಿಸಿ ಆ ಮಾತು ನುಂಗಿದೆ.

ಡಿಸೆಂಬರಿನ ಆ ಭಾನುವಾರ ನಸುಕಿನಲ್ಲೇ ಎದ್ದು ವೈನಿಯೂ ನಾನೂ ರೊಟ್ಟಿ ಬಡಿದೆವು. ಎಂದಿಗಿಂತ ಜಾಸ್ತಿ. ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹೋಳಿಗೆ.

“ಇದೆಲ್ಲಾ ಯಾರಿಗೆ?” ವೈನಿ ಕೇಳಿದಳು.

“ಟ್ಯಾಂಕರ್‌ನಾಂವಗ.”

ಅದೇ ಹೊಲ, ಅದೇ ಅಧ್ಯಕ್ಷರು. ಎರೆಯ ತಿರುವಿನಲ್ಲಿ ಮುಂಜಾನೆ ಹೊಡೆದ ನೀರು ಆರುತ್ತಿತ್ತು. ಟ್ಯಾಂಕರು ಎರಡನೆಯ ಸಲ ತುಂಬಿಕೊಂಡು ಬೇವಿನ ಮರದ ಕೆಳಗೆ ನಿಂತಿತ್ತು. ರಸ್ತೆಯ ಕಡೆಯಿಂದ ಅತಿಥಿಗಳ ಕಾರು ಬರುವುದು ಕಂಡದ್ದೇ ನಾನು ಟ್ಯಾಂಕರಿನ ಡ್ರೈವರಿನ ಮುಂದೆ ಹೋಗಿ ನಿಂತೆ. ನಡುವಯಸ್ಸಿನ ಸಾಧು ಮನುಷ್ಯ.

“ಅಣ್ಣಾರ, ಊಟಾ ಮಾಡ್ರಿ.”

“ಇಷ್ಟ ಲಗೂ ಯಾಕ್ರಿ ಅಕ್ಕಾರ?”

“ಹೊತ್ತಾದ್ರ ರೊಟ್ಟಿ ಬಿರಸಾಕ್ಕಾವು. ಕುಂದ್ರಿ.”

ತಟ್ಟೆ ಹಾಕಿ ಬಡಿಸಿದೆ. ಎಣ್ಣೆಗಾಯಿಯ ವಾಸನೆ ನನ್ನ ಕಡೆಗಿತ್ತು. ಅವರು ಕೈ ತೊಳೆದು ಕೂತು ಮೊದಲ ತುತ್ತು ಮುರಿದರು. ಅಷ್ಟರಲ್ಲಿ ಅಧ್ಯಕ್ಷರು ಓಡಿ ಬಂದರು. “ಏ, ಸಾಹೇಬ್ರು ಬಂದ್ರು! ಹೊಡಿ ನೀರ, ಲಗೂ!”

ಡ್ರೈವರು ಕೈಯಲ್ಲಿದ್ದ ರೊಟ್ಟಿ ತೋರಿಸಿದರು. “ಊಟಕ್ಕ ಕುಂತೇನ್ರಿ.”

ನಮ್ಮ ಕಡೆ ಸಾಲ ಕೇಳಲು ಬಂದವನೂ, ಜಗಳಕ್ಕೆ ಬಂದವನೂ ಎದುರಿನವನು ಉಣ್ಣುತ್ತಿದ್ದರೆ ಕೂತು ಕಾಯುತ್ತಾನೆ. ತಟ್ಟೆಯ ಮುಂದೆ ಕೂತವನನ್ನು ಎಬ್ಬಿಸುವುದೆಂದರೆ ಅತಿಥಿಯ ಬಟ್ಟೆಗೆ ಧೂಳು ಹತ್ತುವುದಕ್ಕಿಂತ ಬಹಳ ದೊಡ್ಡ ಅವಮರ್ಯಾದೆ. ಅಧ್ಯಕ್ಷರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ನಿಂತರು. “ಆತಾತು, ನಿಧಾನಕ್ಕ ಉಣ್ಣು,” ಎಂದರು, ಗಡಿಯಾರ ನೋಡಿಕೊಳ್ಳುತ್ತ. ನಾನು ಇನ್ನೆರಡು ರೊಟ್ಟಿ ಹಾಕಿದೆ.

ಬಿಳಿ ಬಟ್ಟೆಯ ಅತಿಥಿಗಳೇ ನಡೆದು ಬಂದರು. ಏನಾಗಿದೆ ಎಂದು ವಿಚಾರಿಸಿ, ತಟ್ಟೆಯ ಕಡೆ ಆಸೆಯಿಂದ ನೋಡಿದರು. “ಉಣ್ಣಲಿ ಬಿಡ್ರಿ. ಅರಿವಿ ಒಗದರಾತು. ಏನವಾ, ಎಣ್ಣಿಗಾಯಿ ಇನ್ನೂ ಐತೇನ?”

ಅವರಿಗೂ ಒಂದು ತಟ್ಟೆ ಹಾಕಿದೆ. ಅಧ್ಯಕ್ಷರಿಗೂ ಹಾಕಿದೆ. ಮೈಕಿನವನು ತಾನೇ ರೇಸು ಶುರು ಮಾಡಿದ.

ನೀಲಿ ಕಾರು ಮಸಾರಿ ದಾಟಿ ಎರೆಗೆ ಬಂತು. ನಾನು ಕಣ್ಣು ಮುಚ್ಚಲಿಲ್ಲ. ಬಲಗಾಲು ಮಾತ್ರ ನೆಲವನ್ನು ಒತ್ತಿ ಹಿಡಿದಿತ್ತು. ಮಣ್ಣು ಒಣಗಿತ್ತು, ಧೂಳು ಎದ್ದಿತು, ಧೂಳಿನ ಆಚೆಯಿಂದ ಕಾರು ನಾಲ್ಕೂ ಗಾಲಿಗಳ ಮೇಲೆ ಹೊರಬಂತು. ಪ್ರತಿ ಸುತ್ತಿನಲ್ಲಿಯೂ ಆ ತಿರುವನ್ನು ಅಣ್ಣ ಮುದುಕರು ಹಳ್ಳ ದಾಟುವ ಹಾಗೆ ದಾಟಿದ. ಹಿಂದಿನಿಂದ ಎರಡನೆಯವನಾಗಿ ಮುಗಿಸಿದ. ನಮ್ಮ ಬಟ್ಟೆಯೆಲ್ಲ ಧೂಳು. ಅತಿಥಿಗಳ ಶರ್ಟು ಯಾವ ಬಣ್ಣದ್ದೆಂದು ಹೇಳುವ ಹಾಗಿರಲಿಲ್ಲ.

ಅಣ್ಣ ಹೆಲ್ಮೆಟ್ ತೆಗೆದು ನನ್ನ ಹತ್ತಿರ ಬಂದ. “ಹಸಿವ್ಯಾಗೇತಿ. ಬುತ್ತಿ ಎಲ್ಲಿ?”

“ಖಾಲಿ.”

“ಎಲ್ಲಾ?”

“ಚಟ್ನಿ ಅಷ್ಟ ಐತಿ.”

ಅವನು ಟ್ಯಾಂಕರಿನ ಡ್ರೈವರನ್ನು ನೋಡಿದ. ಅವರು ಮರಕ್ಕೆ ಒರಗಿ ಹೊಟ್ಟೆ ಸವರಿಕೊಳ್ಳುತ್ತಿದ್ದರು. ಅಣ್ಣನಿಗೆ ತಡವಾಗಿ ಅರ್ಥವಾಯಿತು. ನನ್ನ ತಲೆಯ ಮೇಲಿನ ಧೂಳನ್ನು ತಟ್ಟಿ ಮಿರ್ಚಿ ಭಜಿಯ ಗಾಡಿಯ ಕಡೆ ನಡೆದ.

ಮನೆಗೆ ಬಂದು ಕೈಕಾಲು ತೊಳೆದು ಸ್ವಲ್ಪ ಅಡ್ಡಾಗೋಣವೆಂದು ಹಾಸಿಗೆಗೆ ಹೋದೆ. ವೈನಿ ಊಟಕ್ಕೆ ಕರೆದಳಂತೆ, ನನಗೆ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಸೋಮವಾರ. ಬಿಸಿಲು ಹೊದಿಕೆಯ ಮೇಲೆ ಬಿದ್ದಿತ್ತು, ರಾಣೆಬೆನ್ನೂರಿನ ಬಸ್ಸು ಯಾವಾಗಲೋ ಹೋಗಿತ್ತು.